ಕೌದಿಯ ನಾಲ್ಕನೆಯ ಮೂಲೆ

ಜಹೀರಾಬಾದಿನ ಕಲಾಭವನದಲ್ಲಿ ನನ್ನ ಜಾಗಕ್ಕೆ ಈಗ ಇಬ್ಬರು ಬಂದಿದ್ದಾರೆ. ಇಬ್ಬರೂ ಕಾಲೇಜು ಮುಗಿಸಿದವರು, ಕಂಪ್ಯೂಟರ್ ಬಲ್ಲವರು. ಹೋದ ತಿಂಗಳು ಮನೆಗೆ ಬಂದು, ‘ನಿಮ್ಮ ಅನುಭವ ಬರದು ಕೊಡ್ರಿ, ನಮಗ ಉಪಯೋಗ ಆಗ್ತದ’ ಎಂದರು. ನಾನು ಹತ್ತನೆಯ ತರಗತಿವರೆಗೆ ಓದಿದವನು. ಚಿತ್ರ ಬಿಡಿಸಲು ಬಾರದು. ಇಪ್ಪತ್ತಾರು ವರ್ಷ ಬೇರೆಯವರು ಮಾಡಿದ್ದನ್ನು ಗೋಡೆಗೆ ಹಾಕಿದ್ದೇನೆ, ಇಳಿಸಿದ್ದೇನೆ. ಆ ಅವಧಿಯಲ್ಲಿ ಒಂದು ಮಾಡಬಾರದ ಕೆಲಸ ಮಾಡಿದೆ, ಅದನ್ನು ಮುಚ್ಚಲು ಒಂದು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಒಬ್ಬ ಹೆಣ್ಣುಮಗಳು ಹನ್ನೆರಡು ವರ್ಷ ತನ್ನ ಊರಿನಲ್ಲಿ ಕೆಟ್ಟ ಹೆಸರು ಹೊತ್ತಳು. ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ನಿಮಗೆ ಉಪಯೋಗವಾಗಬಹುದು, ನನಗೆ ಆಗುವುದಿಲ್ಲ. ಹಾಗಾಗಿ ಎರಡನ್ನೂ ಬರೆಯುತ್ತೇನೆ.

ನನ್ನ ಹುದ್ದೆಯ ಹೆಸರು ಅಟೆಂಡರ್. ಕಸ ಹೊಡೆಯುವುದರಿಂದ ಹಿಡಿದು ಚಿತ್ರದ ಕೆಳಗೆ ಚೀಟಿ ಅಂಟಿಸುವವರೆಗೆ ಎಲ್ಲವೂ ನನ್ನದೇ. ಪ್ರದರ್ಶನ ಶುರುವಾದ ಮೇಲೆ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕುಳಿತು, ಬಂದವರ ಮುಖ ನೋಡಿ ಭಾಷೆ ಗುರುತಿಸಿ, ‘ಮುಟ್ಟಬ್ಯಾಡ್ರಿ’, ‘ಮುಟ್ಟುಕೋಕಂಡಿ’, ‘ಹಾತ್ ನಕ್ಕೋ ಲಗಾವ್’ ಎನ್ನಬೇಕು. ಮೂರೂ ಭಾಷೆಯಲ್ಲಿ ಹೇಳಿದರೂ ಮುಟ್ಟುವವರು ಮುಟ್ಟುತ್ತಿದ್ದರು. ಬಣ್ಣ ಒಣಗಿದೆಯೋ ಇಲ್ಲವೋ ಎಂದು ನೋಡುವುದು ಮನುಷ್ಯನ ಗುಣ.

ನಮ್ಮದು ಸರಕಾರದ ಸಂಸ್ಥೆಯಲ್ಲ. ಊರಿನ ಕೆಲವು ಹಿರಿಯರು ಸೇರಿ ನಡೆಸುತ್ತಿದ್ದ ಭವನ. ಗುರುನಾಥ ಸಾಹೇಬರು ಎಂಬ ನಿವೃತ್ತ ಮಾಸ್ತರರು ಕಾರ್ಯದರ್ಶಿ. ವರ್ಷಕ್ಕೊಂದು ದೊಡ್ಡ ಪ್ರದರ್ಶನ. ಅದನ್ನೇ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಕಡೆ ತಲಾ ಹತ್ತು ದಿನ ಇಡುವುದು ಪದ್ಧತಿ. ಹಳೆಯ ಚಾದರುಗಳಲ್ಲಿ ಚಿತ್ರಗಳನ್ನು ಸುತ್ತಿ, ಗೂಡ್ಸ್ ಆಟೋದಲ್ಲಿ ಹೇರಿ, ನಾನು ಹಿಂದೆ ಕುಳಿತು ಹಿಡಿದುಕೊಂಡು ಹೋಗುತ್ತಿದ್ದೆ. ನಾರಾಯಣಖೇಡದಲ್ಲಿ ವಾಚನಾಲಯದ ಮೇಲ್ಮಾಳಿಗೆ ನಮಗೆ ಸಿಗುತ್ತಿತ್ತು. ಮೆಟ್ಟಿಲು ಇಕ್ಕಟ್ಟು. ದೊಡ್ಡ ಚೌಕಟ್ಟುಗಳನ್ನು ಹಗ್ಗ ಕಟ್ಟಿ ಕಿಟಕಿಯಿಂದ ಎಳೆದುಕೊಳ್ಳಬೇಕು. ತಾಂಡೂರಿನ ಸಭಾಂಗಣದ ಗೋಡೆಗೆಲ್ಲ ಅಲ್ಲಿಯದೇ ಬಂಡೆ ಹಾಸು. ಮೊದಲ ವರ್ಷ ಗೊತ್ತಿಲ್ಲದೆ ಒಂದು ಡಬ್ಬಿ ಮೊಳೆ ಬಾಗಿಸಿದೆ, ಎರಡು ಕಲ್ಲು ಸೀಳಿದೆ. ಆಮೇಲೆ ಸೂರಿನ ಕೆಳಗೆ ಕಬ್ಬಿಣದ ಸಲಾಕೆ ಹಾಕಿಸಿ, ಸರಪಳಿಯಿಂದ ಇಳಿಬಿಡುವುದು ಕಲಿತೆ. ನೀವು ಈಗ ಉಪಯೋಗಿಸುವ ಸಲಾಕೆ ಅದೇ.

ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಹೇಳಲು ಕಷ್ಟವಿಲ್ಲ. ನಾನು ಸೇರಿದ ಹೊಸದರಲ್ಲಿ, ಉದ್ಘಾಟನೆಯ ದಿನ ಚೆಂಡುಹೂವಿನ ಹಾರ ಹೆಚ್ಚಾಗಿ ಉಳಿದವು. ಹಾಳಾಗುವುದೇಕೆ ಎಂದು ಗೋಡೆಯ ಮೇಲಿನ ಚಿತ್ರಗಳಿಗೆಲ್ಲ ಒಂದೊಂದು ಹಾಕಿದೆ. ಅವುಗಳಲ್ಲಿ ಎದುರಿನ ಚಹಾ ಹೋಟೆಲಿನ ಬಾಬುರಾಯರ ಚಿತ್ರವೂ ಇತ್ತು. ಬೋರ್ಡು ಬರೆಯುವ ಮಸ್ತಾನ್ ಭಾಯಿ ಅದನ್ನು ಬಹಳ ಮನಸ್ಸಿಟ್ಟು ಬಿಡಿಸಿದ್ದರು. ಬಾಬುರಾಯರು ಹೆಂಡತಿಯನ್ನು ಕರೆದುಕೊಂಡು ತಮ್ಮ ಚಿತ್ರ ತೋರಿಸಲು ಬಂದರು. ಹಾರ ಹಾಕಿದ್ದನ್ನು ನೋಡಿ ಆ ತಾಯಿ ಬಾಯಿಗೆ ಸೆರಗು ಹಚ್ಚಿಕೊಂಡರು.

‘ಲೇ ಶಂಕ್ರಪ್ಪಾ, ನಾ ಯಾವಾಗ ಸತ್ತೀನೋ? ನನಗೂ ಒಂಚೂರು ತಿಳಿಸಬೇಕಿಲ್ಲೇನು!’ ಎಂದು ಬಾಬುರಾಯರು ಕೂಗಿದರು.

ಮಸ್ತಾನ್ ಭಾಯಿ ಪಕ್ಕದಲ್ಲೇ ಇದ್ದರು. ‘ಅರೆ ಸೇಠ್, ಮುಖದಾಗ ಜೀವ ಇಲ್ಲಂತ ನೀವೇ ನಿನ್ನಿ ಅಂದ್ರಿ. ಅದಕ್ಕ ಹಾಕ್ಯಾನ’ ಎಂದರು.

ಎಲ್ಲರೂ ನಕ್ಕರು. ನಾನು ಕಾಲಿಗೆ ಬಿದ್ದೆ. ಸಂಜೆಯ ಚಹಾಕ್ಕೇ ಆ ವಿಷಯ ಮುಗಿಯಿತು.

ಚಿತ್ರಗಳನ್ನು ಕಣ್ಣಿನ ಎತ್ತರಕ್ಕೆ ಹಾಕಬೇಕು ಎಂದು ಗುರುನಾಥ ಸಾಹೇಬರು ಹೇಳಿಕೊಟ್ಟಿದ್ದರು. ಯಾರ ಕಣ್ಣು ಎಂದು ಹೇಳಿರಲಿಲ್ಲ. ನಾನು ಉದ್ದ ಮನುಷ್ಯ, ನನ್ನ ಕಣ್ಣಿಗೇ ಹಾಕುತ್ತಿದ್ದೆ. ಒಂದು ವರ್ಷ ನಾರಾಯಣಖೇಡದ ಸಂತೆಯ ದಿನ ಕಲ್ಹೇರ್ ಕಡೆಯ ಒಬ್ಬ ಮುದುಕಿ ಕಾಲು ಸೋತು, ಕೂಡಲು ನೆರಳು ಹುಡುಕುತ್ತ ಮೇಲ್ಮಾಳಿಗೆ ಹತ್ತಿ ಬಂದಳು. ಕುರಿ ಸಾಕುವ ಮನೆತನ, ಹೆಸರು ನಾಗಮ್ಮ. ಕತ್ತೆತ್ತಿ ಒಂದೆರಡು ಚಿತ್ರ ನೋಡಿದಳು. ಕುತ್ತಿಗೆ ನೀವಿಕೊಂಡಳು.

‘ಯಪ್ಪಾ, ಇವು ಮಂದಿಗಿ ತೋರ್ಸಾಕ ಹಾಕೀರೋ, ಒಂಟೆಗಿ ತೋರ್ಸಾಕೋ?’ ಎಂದು ಕೇಳಿದಳು.

ಆ ದಿನವೇ ಎಲ್ಲವನ್ನೂ ಒಂದು ಗೇಣು ಕೆಳಗೆ ಇಳಿಸಿದೆ. ಇವತ್ತಿಗೂ ಅದೇ ಅಳತೆ. ಅವಳು ಕುಳಿತು ನೋಡಿದಳು. ಕ್ಯಾನ್ವಾಸ್ ಎಂದರೆ ಬಟ್ಟೆಯೇ ಎಂದು ತಿಳಿದ ಮೇಲೆ, ‘ಬಟ್ಟಿ ಮ್ಯಾಲ ಬಣ್ಣ ಹಚ್ಚಿದ್ರ ಗ್ವಾಡಿಗಿ ಹಾಕ್ತೀರಿ. ಬಣ್ಣದ ಬಟ್ಟಿ ಕೂಡಿಸಿ ನಾವು ಕೌದಿ ಹೊಲೀತೀವಿ, ಅದೇನ್ ಪಾಪ ಮಾಡ್ಯಾದ?’ ಎಂದಳು. ಗುರುನಾಥ ಸಾಹೇಬರಿಗೆ ಆ ಮಾತು ಹಿಡಿಸಿತು. ಮುಂದಿನ ವರ್ಷ ಒಂದು ತರಲು ಹೇಳಿದರು.

ಅವಳು ತಂದಳು. ಜೊತೆಗೆ ಸೊಸೆ ಸುವರ್ಣಾ. ದೌಲತಾಬಾದ್ ಕಡೆಯ ಹುಡುಗಿ, ಏಳು ತಿಂಗಳ ಬಸುರಿ. ಕೌದಿಯಲ್ಲಿ ಹಸಿರು ಸೀರೆಯ ತುಂಡು, ಕೆಂಪು ಖಣ, ಖಾಕಿ ಚಡ್ಡಿಯ ತುಂಡು, ಎಲ್ಲದರ ಮೇಲೂ ಮಳೆ ಬಂದಂತೆ ಸಣ್ಣ ಬಿಳಿ ಹೊಲಿಗೆ. ನಾಗಮ್ಮ ನನ್ನ ಕೈ ಹಿಡಿದು ಒಂದು ಮೂಲೆಯ ಮೇಲೆ ಒತ್ತಿಸಿದಳು. ಒಳಗೆ ಗಟ್ಟಿಯಾಗಿ ಏನೋ ಇತ್ತು.

‘ಇಲ್ಲಿ ತುತ್ತು ಅದ, ತಮ್ಮಾ. ನನ್ನ ಸೊಸಿ ಇಟ್ಟಾಳ. ಕೂಸು ಹುಟ್ಟಿದ್ರ ಇದರ ಮ್ಯಾಲೇ ಮಲಗಸ್ತೀವಿ. ಅಷ್ಟರಾಗ ವಾಪಸ್ ಕೊಡ್ರಿ.’

ತುತ್ತು ಎಂದರೆ ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಝರಾಸಂಗಂ ಹತ್ತಿರದ ನಮ್ಮ ಮನೆಯಲ್ಲೂ ತಾಯಿ ಹಾಗೇ ಮಾಡುತ್ತಿದ್ದಳು. ಕೌದಿಯ ಮೂರು ಮೂಲೆ ಮುಚ್ಚಿ, ನಾಲ್ಕನೆಯದನ್ನು ಬಿಟ್ಟು, ಅದರೊಳಗೆ ಒಂದು ಚೂರು ಜೋಳದ ರೊಟ್ಟಿ, ಚಿಟಿಕೆ ಬೆಲ್ಲ ಅರಿವೆಯಲ್ಲಿ ಕಟ್ಟಿ ಇಟ್ಟು ಹೊಲಿಯುವುದು. ಹೊಟ್ಟೆ ತುಂಬಿದ ಕೌದಿ ಹೊದ್ದವರ ಹೊಟ್ಟೆ ತುಂಬಿರುತ್ತದೆ. ತುತ್ತಿಲ್ಲದ್ದು ಹಸಿದ ಕೌದಿ. ಅದನ್ನು ಕೂಸಿಗೆ ಹಾಸುವುದಿಲ್ಲ, ಬೀಗರಿಗೆ ಹೊದಿಸುವುದಿಲ್ಲ. ನಾಗಮ್ಮನ ಮನೆಯಲ್ಲಿ ಹೊಸ ಸೊಸೆಯ ಕೈಯಲ್ಲಿ ತುತ್ತು ಇಡಿಸಿದರೆ ಅವಳು ಮನೆಯವಳಾದಳು ಎಂದು ಲೆಕ್ಕ.

ನಾರಾಯಣಖೇಡದಲ್ಲಿ, ಜಹೀರಾಬಾದಿನಲ್ಲಿ ಆ ಕೌದಿಯ ಮುಂದೆ ಹೆಂಗಸರು ನಿಂತು ಮಾತಾಡಿದಷ್ಟು ಬೇರೆ ಯಾವ ಚಿತ್ರದ ಮುಂದೆಯೂ ಮಾತಾಡಲಿಲ್ಲ. ಕೊನೆಗೆ ತಾಂಡೂರಿಗೆ ಹೋಯಿತು. ಅಲ್ಲಿ ಉದ್ಘಾಟನೆಗೆ ದೊಡ್ಡ ಅಧಿಕಾರಿ ಬರುವವರಿದ್ದರು. ಬೆಳಿಗ್ಗೆ ಬಾಗಿಲು ತೆಗೆದಾಗ ಬಂಡೆ ಗೋಡೆಯ ಮೇಲೆ ಇರುವೆ ಸಾಲು ಹತ್ತಿ ಕೌದಿಯ ಮೂಲೆಯೊಳಗೆ ಹೋಗುತ್ತಿತ್ತು. ಗುರುನಾಥ ಸಾಹೇಬರು ನೋಡಿ, ‘ಶಂಕ್ರಪ್ಪಾ, ಅದೇನ್ ಅದ ನೋಡು, ಲಗೂ ಸಾಫ್ ಮಾಡು’ ಎಂದು ಹೇಳಿ ಅತಿಥಿಗಳನ್ನು ಎದುರುಗೊಳ್ಳಲು ಹೋದರು.

ಕೌದಿಯನ್ನು ಇಳಿಸಿ ಬಿಸಿಲಿಗೆ ಹಾಕಬಹುದಿತ್ತು. ಒಂದು ಗೋಡೆ ಖಾಲಿ ಬಿಡಬಹುದಿತ್ತು. ಅದೇ ತಿಂಗಳು ನನ್ನ ಕೆಲಸ ಕಾಯಂ ಆಗುವ ಮಾತು ನಡೆದಿತ್ತು, ಗೋಡೆ ಖಾಲಿ ಕಾಣುವುದು ನನಗೆ ಬೇಡವಾಗಿತ್ತು. ಜೇಬಿನಲ್ಲಿದ್ದ ಬ್ಲೇಡಿನಿಂದ ಮೂಲೆಯ ಹೊಲಿಗೆ ಬಿಚ್ಚಿದೆ. ಅರಿವೆಯ ಗಂಟು ತೆಗೆದೆ. ಕಿಟಕಿಯಿಂದ ಹೊರಗೆ ಎಸೆದೆ. ಇರುವೆಗಳನ್ನು ಕೊಡವಿದೆ. ನನ್ನ ತಂದೆ ದರ್ಜಿ. ಸೂಜಿ ಹಿಡಿಯುವುದು ನನಗೆ ಬರುತ್ತಿತ್ತು. ಬಿಳಿ ದಾರದಿಂದ ಅವರ ಹೊಲಿಗೆಯ ಅಳತೆಯಲ್ಲೇ ಹೊಲಿದು ಮುಚ್ಚಿದೆ. ಎಲ್ಲವೂ ಕಾಲು ಗಂಟೆಯ ಕೆಲಸ. ಅಧಿಕಾರಿ ಬಂದರು, ಕೌದಿಯ ಮುಂದೆ ಫೋಟೋ ತೆಗೆಸಿಕೊಂಡರು. ಸಾಹೇಬರು ನನ್ನ ಬೆನ್ನು ತಟ್ಟಿದರು.

ಎಸೆದದ್ದು ಏನೆಂದು ಗೊತ್ತಿರಲಿಲ್ಲ ಎಂದು ಬರೆದರೆ ಅದು ಎರಡನೆಯ ಸುಳ್ಳಾಗುತ್ತದೆ. ಗೊತ್ತಿತ್ತು.

ವಾಪಸು ಕೊಡುವ ದಿನ ಅತ್ತೆ, ಸೊಸೆ ಇಬ್ಬರೂ ನಾರಾಯಣಖೇಡದ ವಾಚನಾಲಯಕ್ಕೆ ಬಂದರು. ಸುವರ್ಣಾಳಿಗೆ ದಿನ ತುಂಬುತ್ತ ಬಂದಿತ್ತು. ನಾಗಮ್ಮ ಕೌದಿ ಬಿಚ್ಚಿ, ಮೊದಲು ಮೂಲೆಯನ್ನೇ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಉಳಿದ ಮೂರು ಮೂಲೆ ಒತ್ತಿ ಮತ್ತೆ ಇದಕ್ಕೇ ಬಂದಳು.

‘ಸುವರ್ಣಾ, ತುತ್ತು ಎಲ್ಲಿ ಅದ?’

‘ಇಟ್ಟೀನ್ರೀ ಅತ್ತಿ. ನಿಮ್ಮ ಮುಂದೇ ಇಟ್ಟೀನಲ್ರಿ.’

‘ಕೈ ಒಳಗ ಹಾಕಿದ್ದು ನೋಡೀನಿ. ಬಿಟ್ಟಿದ್ದು ನೋಡಿಲ್ಲ.’ ಆಮೇಲೆ ನನ್ನ ಕಡೆ ತಿರುಗಿದಳು. ‘ತಮ್ಮಾ, ಖರೇ ಹೇಳು. ನಿಮ್ಮಲ್ಲಿ ಯಾರಾರ ಬಿಚ್ಚೀರೇನು?’

‘ಇಲ್ಲವ್ವಾ. ನಾವು ಯಾರೂ ಮುಟ್ಟಂಗಿಲ್ಲ. ಅದು ನಮ್ಮ ರೂಲ್ ಅದ’ ಎಂದೆ. ಗೋಡೆಯ ಮೇಲಿನ ‘ಮುಟ್ಟಬಾರದು’ ಫಲಕವನ್ನೂ ತೋರಿಸಿದೆ.

ಸುವರ್ಣಾ ಕುಳಿತು ಆ ಮೂಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕೌದಿ ಮಡಚಿದಳು. ಇಬ್ಬರೂ ಮೆಟ್ಟಿಲು ಇಳಿದು ಹೋದರು. ನಾಗಮ್ಮ ಮುಂದೆ, ಅವಳು ಹಿಂದೆ, ಕೌದಿ ಅವಳ ತಲೆಯ ಮೇಲೆ.

ಸಾಹೇಬರಿಗೆ ಅದೇ ಸಂಜೆ ಹೇಳಿದೆ. ‘ಮುಗೀತಲ್ಲ, ಬಿಡು. ಈಗ ಹೇಳಿದ್ರ ನಾಳಿಂದ ಯಾರೂ ನಮಗ ಸಾಮಾನು ಕೊಡಂಗಿಲ್ಲ’ ಎಂದರು. ಅವರ ಮೇಲೆ ಹಾಕಲು ಇದನ್ನು ಬರೆಯುತ್ತಿಲ್ಲ. ಆ ಮಾತು ಕೇಳಿ ನನಗೆ ನೆಮ್ಮದಿಯಾಯಿತು ಎಂದು ಹೇಳಲು ಬರೆಯುತ್ತಿದ್ದೇನೆ.

ಮರುವರ್ಷ ನಾಗಮ್ಮ ಒಬ್ಬಳೇ ಬೇರೆ ಕೌದಿ ತಂದಳು. ಸೊಸೆ ಹೇಗಿದ್ದಾಳೆ ಎಂದು ಕೇಳಿದೆ.

‘ಏನ್ ಹೇಳ್ಲಿ ತಮ್ಮಾ. ಹೆಣ್ಣುಕೂಸು ಹಡದಾಳ. ಮಂದಿ ಮನಿ ಕೌದಿ ತಂದು ಹಾಸೀನಿ. ಅಕೀದು ಖಾಲಿ ಕೈ. ಈ ಕೌದಿಗಿ ನಾನೇ ತುತ್ತು ಇಟ್ಟೀನಿ.’

ಖಾಲಿ ಕೈ ಎಂಬ ಹೆಸರು ಮನೆಯಲ್ಲಿ ನಿಲ್ಲಲಿಲ್ಲ. ಊರಿನ ಹೆಂಗಸರು ಕೌದಿ ಹೊಲಿಯಲು ಕೂಡುವಾಗ ಸುವರ್ಣಾಳನ್ನು ಕರೆಯುವುದು ಬಿಟ್ಟರು. ಬಸುರಿಗೆ ಉಡಿ ತುಂಬುವಾಗ, ಮದುವೆಯಲ್ಲಿ ಅಕ್ಕಿ ಹಾಕುವಾಗ, ಅವಳನ್ನು ಹಿಂದೆ ನಿಲ್ಲಿಸುತ್ತಿದ್ದರು. ಇದನ್ನೆಲ್ಲ ವರ್ಷವರ್ಷವೂ ನಾಗಮ್ಮನೇ ನನಗೆ ಹೇಳುತ್ತಿದ್ದಳು. ನಾನು ‘ಹೌದೇನವ್ವಾ’ ಎನ್ನುತ್ತಿದ್ದೆ. ಒಂದು ಸುಳ್ಳನ್ನು ಒಮ್ಮೆ ಹೇಳಿದರೆ ಸಾಕು ಎಂದು ತಿಳಿದಿದ್ದೆ. ಹಾಗಲ್ಲ. ಅದನ್ನು ಪ್ರತಿ ಸಲ ಕೇಳಿದಾಗಲೂ ಸುಮ್ಮನಿದ್ದು ಮತ್ತೆ ಹೇಳಬೇಕಾಗುತ್ತದೆ.

ನಡುವೆ ಕೆಲಸದ ರೀತಿ ಬಹಳ ಬದಲಾಯಿತು. ಚಿತ್ರದ ಕೆಳಗಿನ ಚೀಟಿಯನ್ನು ಮಸ್ತಾನ್ ಭಾಯಿ ಮೂರು ಲಿಪಿಯಲ್ಲಿ ಕುಂಚದಿಂದ ಬರೆಯುತ್ತಿದ್ದರು. ಉರ್ದುವಿಗೆ ಬಲಗಡೆಯಿಂದ, ಕನ್ನಡ ತೆಲುಗಿಗೆ ಎಡಗಡೆಯಿಂದ, ನಡುವಿನಲ್ಲಿ ಬೀಡಿಗೆ ಒಂದು ವಿರಾಮ. ಅವರ ಕೈ ನಡುಗತೊಡಗಿದ ಮೇಲೆ ಪ್ರಿಂಟು ಬಂತು. ಈಗ ಫೋನು ಹಿಡಿದರೆ ವಿವರ ಬರುವ ಚೌಕುಳಿ ಮುದ್ರೆ ಬಂದಿದೆ. ಹುಳಕ್ಕೆ ಮೊದಲು ಬೇವಿನ ಎಲೆ ಇಡುತ್ತಿದ್ದೆವು, ಆಮೇಲೆ ನುಸಿಗುಳಿಗೆ. ಹಳದಿ ಬಲ್ಬು ಹೋಗಿ ಬಿಳಿ ದೀಪ ಬಂದಾಗ ಎಷ್ಟೋ ಚಿತ್ರಗಳ ಬಣ್ಣ ನಾವು ತಿಳಿದದ್ದಲ್ಲ ಎಂದು ಗೊತ್ತಾಯಿತು. ಜನ ಮೊದಲು ಚಿತ್ರಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು, ಈಗ ಬೆನ್ನು ಮಾಡಿ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಅವರನ್ನು ಬೈಯಬೇಡಿ. ಮನೆಗೆ ಹೋಗಿ ಫೋಟೋ ನೋಡುವಾಗ ಹಿಂದಿನ ಚಿತ್ರವೂ ಕಣ್ಣಿಗೆ ಬೀಳುತ್ತದೆ.

ನನ್ನ ಕೊನೆಯ ವರ್ಷದ ಪ್ರದರ್ಶನಕ್ಕೆ ಮಹಿಳಾ ಸಂಘಗಳ ಕೈಕೆಲಸ ಇಡುವುದೆಂದು ತೀರ್ಮಾನವಾಯಿತು. ಕಲ್ಹೇರ್ ಕಡೆಯಿಂದ ನಾಲ್ಕು ಕೌದಿಗಳ ಗಂಟು ಹೊತ್ತು ಜಹೀರಾಬಾದಿಗೆ ಬಂದವಳು ಸುವರ್ಣಾ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕೌದಿಗಳನ್ನು ಹಾಸಿದಳು. ನಾಲ್ಕಕ್ಕೂ ಒಂದೊಂದು ಮೂಲೆ ಹೊಲಿಯದೆ ಬಿಟ್ಟಿತ್ತು, ಚೀಲದ ಬಾಯಿಯಂತೆ. ಮೂರು ಹೊಸವು. ನಾಲ್ಕನೆಯದರಲ್ಲಿ ಹಸಿರು ಸೀರೆಯ ತುಂಡು, ಕೆಂಪು ಖಣ, ಖಾಕಿ. ಅದರ ಮೂಲೆಯಲ್ಲಿದ್ದ ನನ್ನ ಹೊಲಿಗೆಯನ್ನು ಯಾರೋ ಒಂದೊಂದಾಗಿ ಬಿಚ್ಚಿದ್ದರು.

ಅಲ್ಲಿ ಕಾಲೇಜಿನ ಚಿತ್ರಕಲಾ ಮೇಡಂ ಒಬ್ಬರಿದ್ದರು. ‘ಎಷ್ಟು ಚೆನ್ನಾಗಿದೆ! ಮುಗಿಯದೆ ಉಳಿಯುವ ಬದುಕಿನ ಸಂಕೇತ’ ಎಂದರು.

‘ಹೌದ್ರೀ ಮೇಡಂ’ ಎಂದಳು ಸುವರ್ಣಾ. ಅವರು ಮುಂದೆ ಹೋದ ಮೇಲೆ ನನ್ನ ಕಡೆ ತಿರುಗಿದಳು. ‘ಸಂಕೇತ ಗಿಂಕೇತ ನನಗ ಗೊತ್ತಿಲ್ಲ ಕಾಕಾ. ಯಾರ್ ಬೇಕಾದ್ರೂ ಕೈ ಹಾಕಿ ನೋಡ್ಲಿ ಅಂತ ಬಿಟ್ಟೀನಿ.’

ನಾನು ಚೀಟಿಯ ಕಾಗದ ಜೋಡಿಸುತ್ತಿದ್ದೆ.

‘ನಾ ಎಡಗೈಲೇ ಹೊಲೀತೀನಿ. ಹೊಲಿಗಿ ಟಾಕಿ ಈ ಕಡಿಗಿ ವಾಲ್ತಾವ ನೋಡ್ರಿ’ ಎಂದು ಬೆರಳಿಟ್ಟು ತೋರಿಸಿದಳು. ‘ಆ ಮೂಲಿದು ಬಲಗೈ ಹೊಲಿಗಿ ಇತ್ತು. ಅವತ್ತೇ ಕಂಡೀನಿ.’

‘ಅವತ್ತೇ ಯಾಕ ಹೇಳ್ಲಿಲ್ಲವ್ವಾ?’

‘ನೀವು ರೂಲ್ ಅಂದ್ರಿ. ಬೋರ್ಡ್ ತೋರಿಸಿದ್ರಿ. ನನ್ನ ಹತ್ರ ಏನ್ ಬೋರ್ಡ್ ಇತ್ತು? ಮನಿಗಿ ಹೋಗಿ ಹೇಳೀನಿ. ಸುಳ್ಳ ಬೇರೆ ಹೇಳ್ತಾಳ ಅಂದ್ರು.’

ನಾನು ಕೆಲಸದ ಮಾತು ಕೇಳಿದೆ. ಕೇಳಲೇಬೇಕಿತ್ತು. ‘ಇದರ ಚೀಟಿ ಮ್ಯಾಲ ಏನ್ ಬರೀಲಿ?’

‘ನಿಮಗ ಗೊತ್ತಿದ್ದದ್ದು ಬರೀರಿ’ ಎಂದು ಹೇಳಿ ಅವಳು ಬಸ್ಸಿಗೆ ಹೋದಳು.

ಮೊದಲು ಬರೆದದ್ದು: ‘ಕೌದಿ. ಹತ್ತಿ ಬಟ್ಟೆ, ಕೈಹೊಲಿಗೆ.’ ಅದನ್ನು ಅಂಟಿಸಿ, ಸ್ಟೂಲಿನ ಮೇಲೆ ಕುಳಿತು ಬಹಳ ಹೊತ್ತು ನೋಡಿದೆ. ಕಿತ್ತು ತೆಗೆದೆ. ಇನ್ನೊಂದು ಬರೆದೆ. ಪ್ರಿಂಟಿಗೆ ಕೊಡಲಿಲ್ಲ, ಕೈಯಲ್ಲೇ ಬರೆದೆ. ತೆಲುಗು ನಾನೇ ಬರೆದೆ, ಉರ್ದು ಸಾಲನ್ನು ಮಸ್ತಾನ್ ಭಾಯಿಯ ಮನೆಗೆ ಹೋಗಿ ಅವರ ನಡುಗುವ ಕೈಯಿಂದಲೇ ಬರೆಸಿದೆ. ಅವರು ಬರೆದು ಮುಗಿಸಿ, ‘ಹಾರದ ದಿನ ಕಾಲಿಗೆ ಬಿದ್ದಿದ್ದಿ. ಇದಕ್ಕ ಇಷ್ಟು ವರ್ಷ ಯಾಕ ಬೇಕಾತು?’ ಎಂದು ಕೇಳಿದರು. ನಾನು ಚೀಟಿ ಎತ್ತಿಕೊಂಡು ಬಂದೆ.

ಉದ್ಘಾಟನೆಗೆ ಗುರುನಾಥ ಸಾಹೇಬರು ಕೋಲೂರಿಕೊಂಡು ಬಂದರು. ಚೀಟಿ ಓದಿ ಕನ್ನಡಕ ತೆಗೆದರು. ‘ನನ್ನ ಹೆಸರು ಯಾಕ ಹಾಕಿಲ್ಲ?’ ಎಂದರು. ‘ಬಿಚ್ಚಿದ್ದು ನಾನ್ರೀ ಸಾಹೇಬ್ರ’ ಎಂದೆ. ‘ಹೂಂ’ ಎಂದು ಹೋಗಿ ಮೊದಲ ಸಾಲಿನಲ್ಲಿ ಕುಳಿತರು.

ಮೂರನೆಯ ದಿನ ಮಧ್ಯಾಹ್ನ ಸುವರ್ಣಾ ಅತ್ತೆಯನ್ನು ಕರೆದುಕೊಂಡು ಬಂದಳು. ನಾಗಮ್ಮನ ಬೆನ್ನು ಬಾಗಿತ್ತು, ಈಗ ಗೋಡೆಯ ಮೇಲಿನದೆಲ್ಲ ಮತ್ತೆ ಅವಳಿಗೆ ಎತ್ತರವಾಗಿತ್ತು. ಕಂಕುಳಲ್ಲಿ ಬುತ್ತಿಯ ಗಂಟು. ಕೌದಿಯ ಮುಂದೆ ಮೂರ್ನಾಲ್ಕು ಜನ ಚೀಟಿ ಓದಿ, ತಿರುಗಿ ನನ್ನನ್ನು ನೋಡಿ ಹೋಗುವುದನ್ನು ಅವಳು ಗಮನಿಸಿದಳು.

‘ಏನ್ ಬರದೀಯೋ ತಮ್ಮಾ, ಎಲ್ಲಾರೂ ನಿನ್ನ ಮಾರಿ ನೋಡಾಕತ್ತಾರ? ನನಗ ಓದಾಕ ಬರಂಗಿಲ್ಲ. ಓದಿ ಹೇಳು.’

ಬರೆಯುವಾಗ ಈ ಮಾತು ನನಗೆ ಹೊಳೆದಿರಲಿಲ್ಲ. ಸ್ಟೂಲಿನಿಂದ ಎದ್ದು ಹೋಗಿ ಓದಿದೆ:

‘ಕೌದಿ. ಹೊಲಿದವರು ನಾಗಮ್ಮ ಮತ್ತು ಸುವರ್ಣಾ. ನಾಲ್ಕನೆಯ ಮೂಲೆಯಲ್ಲಿ ಸುವರ್ಣಾ ತುತ್ತು ಇಟ್ಟಿದ್ದರು. ತಾಂಡೂರಿನಲ್ಲಿ ಅದನ್ನು ಬಿಚ್ಚಿ ತೆಗೆದು ಎಸೆದವನು, ಯಾರೂ ಮುಟ್ಟಿಲ್ಲ ಎಂದು ಸುಳ್ಳು ಹೇಳಿದವನು, ಈ ಭವನದ ಅಟೆಂಡರ್ ಶಂಕರಪ್ಪ.’

‘ಇನ್ನೊಮ್ಮಿ ಓದು’ ಎಂದಳು. ಓದಿದೆ.

‘ನೀ ಅವತ್ತ ಮುಟ್ಟಂಗಿಲ್ಲ ಅಂದಿದ್ದಿ.’

‘ಹೌದವ್ವಾ.’

‘ಮನಿಯಾಕಿ ಮಾತು ಬಿಟ್ಟು ನಿನ್ನ ಮಾತು ನಂಬೀನಿ ನಾ.’

ಆಮೇಲೆ ನನ್ನ ಕಡೆ ನೋಡಲಿಲ್ಲ. ಗೋಡೆಯ ಬುಡದಲ್ಲಿ ಕುಳಿತು ಬುತ್ತಿ ಬಿಚ್ಚಿ, ರೊಟ್ಟಿಯ ಒಂದು ಚೂರು ಮುರಿದು, ಬೆಲ್ಲ ಹಚ್ಚಿ, ಸೊಸೆಯ ಕಡೆ ಚಾಚಿದಳು. ‘ಇಡು’ ಎಂದಳು.

ಸುವರ್ಣಾ ಎಡಗೈಯಿಂದಲೇ ತೆಗೆದುಕೊಂಡಳು. ಕೌದಿಯ ತೆರೆದ ಮೂಲೆಯನ್ನು ಒಮ್ಮೆ ನೋಡಿದಳು. ತುತ್ತನ್ನು ತನ್ನ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

‘ಕೌದಿಗಿ ಆಮ್ಯಾಲ ಇಡೋಣಂತ ಅತ್ತಿ. ಮೊದಲ ನನಗ ಹಸಿವ್ಯಾಗ್ಯಾದ’ ಎಂದಳು.

ನಾಗಮ್ಮ ಇನ್ನೊಂದು ತುತ್ತು ಮುರಿದಳು. ಇದು ಮೊದಲಿನದಕ್ಕಿಂತ ದೊಡ್ಡದಿತ್ತು. ಸುವರ್ಣಾ ಅತ್ತೆಯ ಪಕ್ಕ ಕುಳಿತಳು. ಇಬ್ಬರೂ ಅಲ್ಲೇ, ‘ಇಲ್ಲಿ ತಿಂಡಿ ತಿನ್ನಬಾರದು’ ಎಂಬ ನನ್ನದೇ ಫಲಕದ ಕೆಳಗೆ, ಇಡೀ ಬುತ್ತಿ ಉಂಡರು. ಕ್ಷಮಿಸಿದೆವು ಎಂದು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನೀರು ತಂದುಕೊಟ್ಟೆ, ಕುಡಿದರು.

ಮರುದಿನ ಬೆಳಿಗ್ಗೆ ಕಸ ಹೊಡೆಯಲು ಹೋದಾಗ ಗೋಡೆಯ ಬುಡದಲ್ಲಿ ಬಿದ್ದಿದ್ದ ರೊಟ್ಟಿಯ ಚೂರಿಗೆ ಇರುವೆ ಸಾಲು ಬಂದಿತ್ತು. ಅಷ್ಟು ಜಾಗ ಬಿಟ್ಟು ಗುಡಿಸಿದೆ.